‘ತುಂಬಾಗ’ ಶಬ್ದದ ಮೂಲ: ಒಂದು ವಿಮರ್ಶೆ

೧

ಸ್ಪೇನಿನವರು ಅಮೆರಿಕಾ ಖಂಡದಲ್ಲಿ ಕಾಲಿಡುವುದಕ್ಕೆ ಬಹುಕಾಲ ಮುಂಚೆಯೇ ಅಲ್ಲಿಯ ಮಧ್ಯಭಾಗದಲ್ಲಿಯೂ ದಕ್ಷಿಣಭಾಗದಲ್ಲಿಯೂ ನೆಲಸಿದ್ದ ಅನೇಕ ಜನಾಂಗಗಳವರು ಚಿನ್ನಕ್ಕೆ ತಾಮ್ರವನ್ನು ಬೆರಸಿ ಕರಗಿಸಿ, ಆ ಮಿಶ್ರಲೋಹದಿಂದ ಒಡವೆಗಳನ್ನೂ ವಿಗ್ರಹಗಳನ್ನೂ ಮಾಡುತ್ತಿದ್ದರು. ಕೊಲಂಬಿಯಾ ದೇಶದ ಮುಯಿಸ್ಕ, ತೈರೋನ, ಕಿಂಬಾಯ, ಸಿನು ಮೊದಲಾದ ಜನಾಂಗಗಳ ಕೈಕೆಲಸವು ಈ ಲೋಹದಲ್ಲಿ ವಿಶೇಷವಾಗಿ ದೊರೆತಿದೆ. ಬೊಗೊಟಾ ನಗರದಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಸುವರ್ಣ ವಸ್ತುಸಂಗ್ರಹಾಲಯದಲ್ಲಿ ಇಂತಹ ವಸ್ತುಗಳು ಬಹಳವಾಗಿವೆ. ಈ ಲೋಹಕ್ಕೆ ಇಂದಿನ ವಿದ್ವಾಂಸರು ಕೊಡುವ ಹೆಸರು ‘ತುಂಬಾಗ’ ಎಂದು.

ಈ ಹೆಸರನ್ನು ಮೊದಲ ಸಲ ಕೇಳಿದವರು ಅದು ಆ ಖಂಡದ ಮೂಲನಿವಾಸಿಗಳ ಮಾತೆಂದೇ ಭಾವಿಸುವರು. ವಸ್ತುವು ಅಲ್ಲಿಯದು, ಹೆಸರೂ ಅಲ್ಲಿಯದೇ ಆಗಿರಬೇಕೆಂಬುದು ಸಹಜವಾದ ಎಣಿಕೆ. ಆದರೆ ಹೆಸರು ಅಲ್ಲಿಯದಲ್ಲ. ಸ್ಪ್ಯಾನಿಷ್ ಭಾಷೆಗೆ ಅದು ಮಲಯ ದ್ವೀಪಗಳ ಕಡೆಯಿಂದ ಬಂದಿತು; ಅಲ್ಲಿಗೆ ಭರತಖಂಡದಿಂದ ಹೋಯಿತು. ಅದರ ಬೇರು ನಮಗೆಲ್ಲ ಚಿರಪರಿಚಿತವಾದ ‘ತಾಮ್ರ’ ಎಂಬ ಶಬ್ದ.

ಇಷ್ಟು ಸಂಗತಿಯನ್ನು ಕೋಶಗಳೇ ಹೇಳುತ್ತವೆ. ಹೀಗಿರಲಾಗಿ ಇದನ್ನು ಪುನಃ ವಿಚಾರಿಸುವುದಕ್ಕೆ ಕಾರಣವೇನೆಂದರೆ, ಈ ಸಂಗತಿಯಿಂದ ಜನರು ತೆಗೆಯುವ ಅನುಮಾನಗಳು ಎರಡು ಬಗೆಯಲ್ಲಿ ದೋಷಯುಕ್ತವಾಗಿವೆ. ಕೆಲವರು ‘ತಾಮ್ರವೇ ತುಂಬಾಗವಾಯಿತು’ ಎಂದು ಒಂದೇ ನೆಗೆತಕ್ಕೆ ಹೇಳಿ ಮುಗಿಸುತ್ತಾರೆ. ನಡುವಣ ಮೆಟ್ಟಿಲುಗಳನ್ನು ಎಣಿಸುವುದೇ ಇಲ್ಲ. ಮತ್ತೆ ಕೆಲವರು ಹೆಸರು ನಮ್ಮದಾದ ಮೇಲೆ ವಿದ್ಯೆಯೂ ನಮ್ಮದೇ ಎಂದು ಸಾಧಿಸಲು ಹೊರಡುತ್ತಾರೆ. ೧೯೪೦ರಲ್ಲಿ ಚಮನಲಾಲರ ‘ಹಿಂದೂ ಅಮೆರಿಕಾ’ ಎಂಬ ಇಂಗ್ಲಿಷ್ ಗ್ರಂಥವು ಹೊರಬಂದ ಮೇಲೆ, ಪ್ರಾಚೀನ ಅಮೆರಿಕಾದ ನಾಗರಿಕತೆಗೆ ಭಾರತವೇ ತಾಯಿಬೇರೆಂಬ ವಾದಕ್ಕೆ ನಮ್ಮಲ್ಲಿ ಓದುಗರು ಬಹಳವಾಗಿ ದೊರೆತರು. ಆ ಗ್ರಂಥದ ವಿಮರ್ಶೆ ಇಲ್ಲಿ ಉದ್ದಿಷ್ಟವಲ್ಲ. ಆದರೆ ಆ ವಿಚಾರಸರಣಿಗೆ ‘ತುಂಬಾಗ’ದಂತಹ ಶಬ್ದವು ಸಿಕ್ಕಿದರೆ ಅದು ಎಷ್ಟು ಸುಲಭವಾಗಿ ಸಾಕ್ಷಿಯಾಗಿ ನಿಲ್ಲಬಲ್ಲದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸಾಕ್ಷಿಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಗೊತ್ತುಮಾಡುವುದೇ ಈ ಲೇಖನದ ಉದ್ದೇಶ.

೨

ಶಬ್ದವೊಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಬೇಕಾದರೆ ಮೂರು ವಿಷಯಗಳಲ್ಲಿ ಒಪ್ಪಿಗೆ ಬೇಕು. ಮೊದಲನೆಯದು ಧ್ವನಿ: ಅಕ್ಷರಗಳ ಮಾರ್ಪಾಟು ಆಯಾ ಭಾಷೆಗಳಲ್ಲಿ ಬೇರೆ ಶಬ್ದಗಳಿಂದಲೂ ಸಿದ್ಧವಾಗಿರಬೇಕು. ಎರಡನೆಯದು ಅರ್ಥ: ಒಂದರ್ಥದಿಂದ ಇನ್ನೊಂದರ್ಥಕ್ಕೆ ಸಾಗಿದ ದಾರಿಯು ತಿಳಿಯಬೇಕು. ಮೂರನೆಯದು ಮಾರ್ಗ: ಆ ಮಾತನ್ನು ಹೊತ್ತು ತಂದ ಜನರೂ ಕಾಲವೂ ಇತಿಹಾಸದಲ್ಲಿ ಕಾಣಬೇಕು. ಈ ಮೂರರಲ್ಲಿ ಒಂದು ಕೆಟ್ಟರೂ ವ್ಯುತ್ಪತ್ತಿಯು ನಿಲ್ಲಲಾರದು. ‘ತುಂಬಾಗ’ಕ್ಕೆ ಹೋಲುವಂತೆ ತೋರುವ ಕೆಲವು ಮಾತುಗಳನ್ನು ಮೊದಲು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಸ್ಪ್ಯಾನಿಷ್ ಬಲ್ಲವರಿಗೆ ಒಡನೆ ಹೊಳೆಯುವುದು ‘ತುಂಬ’ ಎಂಬ ಮಾತು. ಅದಕ್ಕೆ ಸಮಾಧಿಯೆಂದರ್ಥ. ಈ ಮಿಶ್ರಲೋಹದ ವಸ್ತುಗಳಲ್ಲಿ ಬಹುಭಾಗವು ಸಮಾಧಿಗಳನ್ನು ಅಗೆದಾಗಲೇ ದೊರೆತುದು. ಆದುದರಿಂದ ಸಮಾಧಿಯಲ್ಲಿ ಸಿಕ್ಕುವ ಲೋಹವು ತುಂಬಾಗವೆನಿಸಿತೆಂದು ಹೇಳಿದರೆ ಕೇಳುವುದಕ್ಕೆ ಇಂಪಾಗಿಯೇ ಇರುತ್ತದೆ. ಆದರೆ ಸ್ಪ್ಯಾನಿಷಿನಲ್ಲಿ ಈ ಮಾತು ಸಮಾಧಿಯ ಲೋಹಕ್ಕೆ ಮೀಸಲಾದುದಲ್ಲ. ಆಭರಣ ಮಾಡುವವರು ಬಳಸುವ ಚಿನ್ನತಾಮ್ರದ ಬೆರಕೆಗೆ ಅದು ಸಾಮಾನ್ಯವಾದ ಹೆಸರು. ಅದರಿಂದ ಮಾಡಿದ ಉಂಗುರಕ್ಕೂ ಅದೇ ಹೆಸರು. ಮೇಲಾಗಿ ಸಮಾಧಿಯೊಡನೆ ಯಾವ ಸಂಬಂಧವೂ ಇಲ್ಲದ ಫಿಲಿಪೈನ್ಸ್ ದ್ವೀಪಗಳ ತಗಲೋಗ್ ಭಾಷೆಯಲ್ಲಿಯೂ ‘ತುಂಬಾಗ’ ಎಂಬ ರೂಪವೇ ಇದೆ. ಆದುದರಿಂದ ಈ ವ್ಯುತ್ಪತ್ತಿಯು ಅರ್ಥದಲ್ಲಿಯೂ ಮಾರ್ಗದಲ್ಲಿಯೂ ಕೆಡುತ್ತದೆ.

ಕನ್ನಡಿಗರ ಕಿವಿಗೆ ಬೇರೊಂದು ಹೋಲಿಕೆ ಕೇಳಬಹುದು: ‘ತಂಬಾಕು’. ಇದೇ ಲೋಹದ ಹೆಸರಿಗೆ ಫ್ರೆಂಚರು ‘ತೊಂಬಾಕ್’ ಎನ್ನುವುದರಿಂದ ಈ ಭ್ರಾಂತಿಯು ಇನ್ನಷ್ಟು ಬಲವಾಗಬಹುದು. ಆದರೆ ತಂಬಾಕು ಅಮೆರಿಕಾದಿಂದ ನಮ್ಮ ಕಡೆಗೆ ಬಂದ ಗಿಡ; ಅದರ ಹೆಸರು ಐರೋಪ್ಯರ ‘ತಬಾಕೊ’ ಎಂಬುದರಿಂದ ಬಂದು ಇಲ್ಲಿಯ ಬಾಯಿಗಳಲ್ಲಿ ಅನುನಾಸಿಕವನ್ನು ಪಡೆಯಿತು. ಲೋಹದ ಹೆಸರಾದರೋ ನಮ್ಮ ಕಡೆಯಿಂದ ಅತ್ತ ಹೋದುದು. ಎರಡು ಮಾತುಗಳೂ ಸಾಗರಗಳನ್ನು ಎದುರುಬದುರು ದಿಕ್ಕುಗಳಲ್ಲಿ ದಾಟಿದುವೆಂಬುದನ್ನು ಬಿಟ್ಟರೆ ಅವುಗಳಿಗೆ ಬೇರಾವ ನಂಟೂ ಇಲ್ಲ.

ಮೂರನೆಯ ಹೋಲಿಕೆಯು ಹೆಚ್ಚು ಗಂಭೀರವಾದುದು. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ‘ಚೆಂಬು’ ಎಂದರೆ ತಾಮ್ರ, ತುಳುವಿನಲ್ಲಿಯೂ ಹಾಗೆಯೇ. ಕನ್ನಡದಲ್ಲಿ ‘ಚೆಂಬು’ ಎಂದರೆ ನೀರು ಕುಡಿಯುವ ಸಣ್ಣ ಪಾತ್ರೆ. ಲೋಹದ ಹೆಸರು ಪಾತ್ರೆಗೆ ಸಂದುದಕ್ಕೆ ಇದು ಒಳ್ಳೆಯ ನಿದರ್ಶನ. ‘ಚೆಂಬು’, ‘ತಂಬ’, ‘ತುಂಬಾಗ’ ಎಂದು ಸಾಲಾಗಿ ನಿಲ್ಲಿಸಿ, ಎಲ್ಲದಕ್ಕೂ ದ್ರಾವಿಡವೇ ಮೂಲವೆನ್ನಬಾರದೇಕೆ ಎಂದು ಯಾರಾದರೂ ಕೇಳಬಹುದು. ಉತ್ತರವು ಧ್ವನಿಯಲ್ಲಿದೆ. ‘ಚೆಂಬು’ವಿನ ಚಕಾರವು ಮೂಲದ್ದಲ್ಲ. ಕೆಂಪು ಎಂಬ ಅರ್ಥದ ‘ಕೆಂ’ ಎಂಬುದೇ ತಮಿಳಿನಲ್ಲಿ ‘ಚೆಂ’ ಆಗಿದೆ. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಚೆವಿ’. ‘ಕೇರಿ’ ಅಲ್ಲಿ ‘ಚೇರಿ’. ಕನ್ನಡವು ಇಂತಹ ಕಡೆಗಳಲ್ಲಿ ಕಕಾರವನ್ನೇ ಉಳಿಸಿಕೊಳ್ಳುವುದರಿಂದ ನಮ್ಮ ‘ಚೆಂಬು’ ನೆರೆಯ ಭಾಷೆಯಿಂದ ಬಂದ ಎರವೆಂದೇ ತೋರುತ್ತದೆ. ಮೂಲದ ಕಕಾರದಿಂದ ‘ತಾಮ್ರ’ದ ತಕಾರವನ್ನು ಹುಟ್ಟಿಸುವ ಯಾವ ನಿಯಮವೂ ಇಲ್ಲ. ಎರಡು ಭಾಷಾವಂಶಗಳೂ ಆ ಲೋಹವನ್ನು ಅದರ ಕೆಂಪಿನಿಂದ ಗುರುತಿಸಿದವೆಂಬ ಸಾಮ್ಯ ಮಾತ್ರ ನಿಜ. ಅಥರ್ವವೇದದಲ್ಲಿ ‘ತಾಮ್ರ’ವು ಬಣ್ಣವನ್ನು ಹೇಳುವ ವಿಶೇಷಣ, ಲೋಹದ ಹೆಸರಾದುದು ಆಮೇಲೆ. ಒಂದೇ ವಸ್ತುವನ್ನು ಕಂಡು ಇಬ್ಬರು ಒಂದೇ ಬಗೆಯಾಗಿ ಹೆಸರಿಡಬಹುದು. ಅದರಿಂದ ಒಬ್ಬರ ಮಾತು ಇನ್ನೊಬ್ಬರದಾಗುವುದಿಲ್ಲ.

೩

ಇನ್ನು ನಿಜವಾದ ಮೂಲವನ್ನು ನೋಡೋಣ. ‘ತಾಮ್ರ’ದಿಂದ ಮಲಯ ಭಾಷೆಯ ‘ತೆಂಬಾಗ’ವು ಹುಟ್ಟಬೇಕಾದರೆ ಎರಡು ಮಾರ್ಪಾಟುಗಳು ನಡೆಯಬೇಕು: ಮ್ರ ಎಂಬುದು ಮ್ಬ ಆಗಬೇಕು, ಕೊನೆಯಲ್ಲಿ ಗಕಾರವು ಬರಬೇಕು.

ಮೊದಲನೆಯದು ಪ್ರಾಕೃತಗಳಲ್ಲಿ ನಿಯತವಾಗಿ ಕಾಣುವ ಮಾರ್ಪಾಟು. ಸಂಸ್ಕೃತದ ‘ಆಮ್ರ’ವು ಪಾಳಿಯಲ್ಲಿ ‘ಅಂಬ’, ಮರಾಠಿಯಲ್ಲಿ ‘ಆಂಬಾ’. ಅದೇ ರೀತಿಯಲ್ಲಿ ‘ತಾಮ್ರ’ವು ಪಾಳಿಯಲ್ಲಿ ‘ತಂಬ’. ಹಿಂದಿಯಲ್ಲಿ ‘ತಾಂಬಾ’, ಮರಾಠಿಯಲ್ಲಿ ‘ತಾಂಬೆ’. ಸಿಂಹಳದ್ವೀಪದ ಹಳೆಯ ಹೆಸರು ಸಂಸ್ಕೃತದಲ್ಲಿ ‘ತಾಮ್ರಪರ್ಣಿ’, ಪಾಳಿಯಲ್ಲಿ ‘ತಂಬಪಣ್ಣಿ’. ಗ್ರೀಕರು ಅದನ್ನೇ ‘ತಪ್ರೊಬನೆ’ ಎಂದರು. ಮರಾಠಿಯಲ್ಲಿ ‘ತಾಂಬ್ಯಾ’ ಎಂದರೆ ತಂಬಿಗೆ. ನಮ್ಮ ಚೆಂಬಿನಂತೆಯೇ ಅಲ್ಲಿಯೂ ಲೋಹದ ಹೆಸರು ಪಾತ್ರೆಗೆ ಸಂದಿದೆ.

ಎರಡನೆಯದು ‘ಕ’ ಪ್ರತ್ಯಯದ ವಿಷಯ. ‘ತಾಮ್ರ’ಕ್ಕೆ ಸ್ವಾರ್ಥದಲ್ಲಿ ‘ಕ’ ಸೇರಿ ‘ತಾಮ್ರಕ’ವಾಗುವುದು. ಈ ಕಕಾರವು ಗಕಾರವಾಗುವುದಕ್ಕೆ ಉದಾಹರಣೆಗಳು ಎರಡು ಕಡೆಯಲ್ಲಿಯೂ ಸಿಕ್ಕುತ್ತವೆ. ಅರ್ಧಮಾಗಧಿಯಲ್ಲಿ ‘ಲೋಕ’ವು ‘ಲೋಗ’, ‘ಶ್ರಾವಕ’ನು ‘ಸಾವಗ’. ಮಲಯ ಭಾಷೆಯಲ್ಲಿ ಸಂಸ್ಕೃತದ ‘ಸಕಲ’ವು ‘ಸೆಗಲ’ ಆಗಿದೆ. ಜಾವಾದ ಭಾಷೆಯಲ್ಲಿ ಕಂಚಿಗೆ ‘ಗಂಗ್ಸ’ ಎನ್ನುತ್ತಾರೆ. ಅದು ಸಂಸ್ಕೃತದ ‘ಕಂಸ’. ಕನ್ನಡದ ತದ್ಭವಗಳನ್ನು ಪಾಠ ಹೇಳಿದವರಿಗೆ ಈ ಮಾರ್ಪಾಟು ಹೊಸದಲ್ಲ: ಆಕಾಶವು ಆಗಸವಾದುದು, ಲೋಕದಿಂದ ಲೋಗರಾದುದು ಇದೇ ಜಾತಿಯವು. ಆದುದರಿಂದ ‘ತಾಮ್ರಕ’ವು ‘ತಂಬಕ’ವಾಗಿ, ಅದು ‘ತಂಬಗ’ವಾಗಿ, ಮಲಯ ಜನರ ಬಾಯಲ್ಲಿ ‘ತೆಂಬಾಗ’ವಾದುದಕ್ಕೆ ಧ್ವನಿಯ ವಿಷಯದಲ್ಲಿ ಅಡ್ಡಿಯೇನೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಕೋಶಗಳು ಸಾಮಾನ್ಯವಾಗಿ ‘ಸಂಸ್ಕೃತದಿಂದ’ ಎಂದು ಹೇಳಿ ನಿಲ್ಲುತ್ತವೆ. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ಗ್ರಂಥವನ್ನು ೧೮೭೪ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಬರ್ನೆಲ್ಲನೂ ಅವನ ಸಹಕಾರಿಯಾದ ಯೂಲನೂ ಸೇರಿ ರಚಿಸಿ ೧೮೮೬ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶವೂ ಇಷ್ಟನ್ನೇ ಹೇಳುತ್ತದೆ. ಆದರೆ ಮ್ಬ ಎಂಬ ಸಂಯೋಗವು ಸಂಸ್ಕೃತದ್ದಲ್ಲ, ಪ್ರಾಕೃತದ್ದು. ಪ್ರಾಚೀನ ಜಾವಾ ಭಾಷೆಯಲ್ಲಿ ಎರಡು ರೂಪಗಳೂ ಜೊತೆಯಾಗಿ ಉಳಿದಿವೆ. ಶಾಸನವನ್ನು ಕೊರೆಯುವ ತಗಡನ್ನು ಹೇಳುವಾಗ ‘ತಾಮ್ರ’ ಎಂಬ ಗ್ರಾಂಥಿಕ ರೂಪವಿದೆ. ದತ್ತಿಶಾಸನಗಳಲ್ಲಿ ಕಮ್ಮಾರರನ್ನೂ ಅಕ್ಕಸಾಲೆಗಳನ್ನೂ ಎಣಿಸುವಾಗ, ಚಿನ್ನದವರು, ಕಬ್ಬಿಣದವರು, ಕಂಚಿನವರು ಎಂಬುದರ ನಡುವೆ ತಾಮ್ರದ ಕೆಲಸದವರಿಗೆ ‘ತಂಬಗ’ ಎಂಬ ರೂಪವಿದೆ. ತತ್ಸಮವು ಶಾಸನಕವಿಯ ಲೇಖನಿಯಲ್ಲಿ, ತದ್ಭವವು ಕುಲುಮೆಯ ಬಳಿಯಲ್ಲಿ! ಇದರಿಂದ ತಿಳಿಯುವುದೇನೆಂದರೆ, ದ್ವೀಪಾಂತರಕ್ಕೆ ಈ ಮಾತನ್ನು ಕೊಂಡೊಯ್ದವರು ಶಾಸ್ತ್ರಪಂಡಿತರಲ್ಲ. ಪ್ರಾಕೃತವನ್ನಾಡುತ್ತಿದ್ದ ವರ್ತಕರು ಮತ್ತು ಲೋಹಕಾರರು. ತಾಮ್ರವು ಸರಕಾಗಿ ಹೋಯಿತು. ಅದರ ಬೆನ್ನಿಗೆ ಹೆಸರು ಹೋಯಿತು.

ಕನ್ನಡನಾಡಿನ ಅಭಿಮಾನಿಗಳಿಗೆ ಇಲ್ಲಿ ಒಂದು ಆಸೆ ಹುಟ್ಟುವುದುಂಟು. ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸಿನ ಬಳಿ ದೊರೆತಿದೆ. ಅದರ ಕಾಲವು ಶಕವರ್ಷ ೧೦೧೦, ಅಂದರೆ ಕ್ರಿ. ಶ. ೧೦೮೮. ಆ ವರ್ತಕರೇ ‘ತಾಮ್ರ’ವನ್ನು ಅಲ್ಲಿಗೆ ಒಯ್ದರೆಂದು ಹೇಳಬಾರದೇ? ಹೇಳಲಾಗದು; ಕಾಲವು ಒಪ್ಪುವುದಿಲ್ಲ. ಜಾವಾದ ದತ್ತಿಶಾಸನಗಳಲ್ಲಿ ‘ತಂಬಗ’ವು ಒಂಬತ್ತು ಹತ್ತನೆಯ ಶತಮಾನಗಳ ಹೊತ್ತಿಗೇ ನೆಲೆಯಾದ ಮಾತು. ಭಾರತದ ಭಾಷೆಗಳು ದ್ವೀಪಾಂತರಕ್ಕೆ ಹೋದುದು ಇನ್ನೂ ಪೂರ್ವದಲ್ಲಿ: ಬೋರ್ನಿಯೋ ದ್ವೀಪದ ಕುಟೈ ಎಂಬಲ್ಲಿಯ ಮೂಲವರ್ಮನ ಯೂಪಶಾಸನಗಳು ಸುಮಾರು ಕ್ರಿ. ಶ. ೪೦೦ರವು. ಆದುದರಿಂದ ಈ ಮಾತಿಗೆ ಇಂಥ ಪ್ರಾಂತದವರೇ ವಾಹಕರೆಂದು ಮುದ್ರೆಯೊತ್ತುವುದು ಉಚಿತವಲ್ಲ.

೪

ದ್ವೀಪಾಂತರದಿಂದ ಸ್ಪ್ಯಾನಿಷ್ ಭಾಷೆಗೆ ಬಂದ ಮಾರ್ಗವು ಹೆಚ್ಚು ಸ್ಪಷ್ಟವಾಗಿದೆ. ಫಿಲಿಪೈನ್ಸ್ ದ್ವೀಪಗಳೂ ಭಾರತೀಯ ಶಬ್ದಗಳ ವಲಯಕ್ಕೆ ಸೇರಿದ್ದುವೆಂಬುದಕ್ಕೆ ೧೯೮೯ರಲ್ಲಿ ಲಗುನ ಪ್ರಾಂತದಲ್ಲಿ ಬೆಳಕಿಗೆ ಬಂದ ತಾಮ್ರಶಾಸನವೇ ಸಾಕ್ಷಿ. ಅದರ ಕಾಲವು ಶಕವರ್ಷ ೮೨೨, ಎಂದರೆ ಕ್ರಿ. ಶ. ೯೦೦, ನಮ್ಮಲ್ಲಿ ರಾಷ್ಟ್ರಕೂಟರ ಎರಡನೆಯ ಕೃಷ್ಣನು ಆಳುತ್ತಿದ್ದ ಕಾಲ. ಹಳೆಯ ಮಲಯ ಭಾಷೆಯ ಈ ಶಾಸನವು ಚಿನ್ನದ ಸಾಲವೊಂದನ್ನು ಮನ್ನಿಸಿದ ಪತ್ರ. ಸಾಲದ ತೂಕವನ್ನು ‘ಸುವರ್ಣ’ ಎಂಬ ನಮ್ಮ ಮಾನದಿಂದಲೇ ಹೇಳಿದೆ.

ಮಲಯದ ‘ತೆಂಬಾಗ’ದ ಮೊದಲ ಸ್ವರವು ಎಕಾರವೆಂದು ಬರೆಯಲ್ಪಟ್ಟರೂ ನಿಜವಾಗಿ ಅದೊಂದು ಅಸ್ಫುಟವಾದ ಸ್ವರ. ತಗಲೋಗ್ ಭಾಷೆಯಲ್ಲಿ ಆ ಸ್ವರವಿಲ್ಲ. ಆದುದರಿಂದ ಅದರ ಸ್ಥಾನದಲ್ಲಿ ಬೇರೊಂದು ಸ್ವರವನ್ನು ಹಾಕಿಕೊಳ್ಳಬೇಕಾಯಿತು. ಹಾಗೆ ‘ತುಂಬಾಗ’ವಾಯಿತು. ಸ್ಪ್ಯಾನಿಷ್ ಮಾತಿನ ಉಕಾರಕ್ಕೆ ಸಮಾಧಿಯ ಕಡೆಗೆ ಹೋಗಬೇಕಾದ ಅಗತ್ಯವು ಇಲ್ಲಿಗೆ ಮುಗಿಯುತ್ತದೆ. ಪೋರ್ತುಗೀಜರು ೧೫೧೧ರಲ್ಲಿ ಮಲಕ್ಕಾ ಪಟ್ಟಣವನ್ನು ಹಿಡಿದು ಅಲ್ಲಿಂದ ಕಲಿತ ರೂಪವು ‘ತಂಬಾಕ’. ಅದರಲ್ಲಿ ಉಕಾರವೂ ಇಲ್ಲ, ಗಕಾರವೂ ಇಲ್ಲ. ಸ್ಪ್ಯಾನಿಷ್ ರೂಪದಲ್ಲಿ ಎರಡೂ ಇವೆ. ಆದುದರಿಂದ ಇವು ಬೇರೆಬೇರೆ ಬಾಗಿಲುಗಳಿಂದ ಐರೋಪ್ಯ ಭಾಷೆಗಳನ್ನು ಹೊಕ್ಕವೆಂದು ಊಹಿಸುವುದು ಯುಕ್ತವಾಗಿದೆ. ಸ್ಪೇನಿನವರು ೧೫೬೫ರಲ್ಲಿ ಫಿಲಿಪೈನ್ಸಿನಲ್ಲಿ ನೆಲೆಯೂರಿದರು. ಅದೇ ವರ್ಷ ಅಲ್ಲಿಂದ ಮೆಕ್ಸಿಕೋ ದೇಶಕ್ಕೆ ಮರಳುವ ಜಲಮಾರ್ಗವನ್ನೂ ಕಂಡುಕೊಂಡರು. ೧೫೭೧ರಲ್ಲಿ ಮನಿಲಾ ಅವರ ರಾಜಧಾನಿಯಾಯಿತು. ಮನಿಲಾದಿಂದ ಅಕಾಪುಲ್ಕೋ ಬಂದರಿಗೆ ವ್ಯಾಪಾರದ ನೌಕೆಗಳು ೧೮೧೫ರ ವರೆಗೂ ನಡೆದವು. ಹೀಗೆ ಎರಡೂವರೆ ಶತಮಾನಗಳ ಕಾಲ ತೆರೆದಿದ್ದ ದಾರಿಯಲ್ಲಿ ಒಂದು ಮಾತು ಸಾಗಿದುದರಲ್ಲಿ ಆಶ್ಚರ್ಯವಿಲ್ಲ.

ಅರ್ಥದ ವಿಷಯದಲ್ಲಿಯಾದರೋ ದೊಡ್ಡ ಪಲ್ಲಟವಾಗಿದೆ. ಮಲಯ ಭಾಷೆಯಲ್ಲಿ ‘ತೆಂಬಾಗ’ ಎಂದರೆ ಶುದ್ಧವಾಗಿ ತಾಮ್ರ. ಹಿತ್ತಾಳೆಗೆ ‘ಹಳದಿ ತೆಂಬಾಗ’ ಎಂಬರ್ಥದ ಹೆಸರುಂಟು. ೧೭ನೆಯ ಶತಮಾನದ ಆದಿಯಲ್ಲಿ ಜಾವಾದಲ್ಲಿದ್ದ ಇಂಗ್ಲಿಷ್ ವರ್ತಕನೊಬ್ಬನು ಅಲ್ಲಿಯ ಬಾರಿಸುವ ವಾದ್ಯಗಳನ್ನು ಈ ಹೆಸರಿನ ಲೋಹದಿಂದ ಮಾಡುತ್ತಾರೆಂದು ಬರೆದಿದ್ದಾನೆ. ಅದು ಚಿನ್ನವಲ್ಲವೆಂಬುದು ಸ್ಪಷ್ಟ. ಚಿನ್ನ ತಾಮ್ರಗಳ ಬೆರಕೆಗೆ ಮಲಯದಲ್ಲಿ ಬೇರೆಯೇ ಮಾತಿದೆ: ‘ಸುಆಸ’. ಹೆಸರು ಪಶ್ಚಿಮಕ್ಕೆ ಹೋದಂತೆ ಅರ್ಥವು ಎರಡಾಗಿ ಒಡೆಯಿತು. ೧೬೮೦ರ ದಶಕದಲ್ಲಿ ಸಿಯಾಮಿನ ನಾರಾಯಣರಾಜನಿಗೂ ಫ್ರಾನ್ಸಿನ ೧೪ನೆಯ ಲೂಯಿಗೂ ರಾಯಭಾರಗಳು ನಡೆದಾಗ ಫ್ರೆಂಚರ ಬರಹಗಳಲ್ಲಿ ಈ ಹೆಸರು ಚಿನ್ನತಾಮ್ರಗಳ ಅಮೂಲ್ಯವಾದ ಮಿಶ್ರಣಕ್ಕೆ ಸಂದಿತು. ಕ್ರಮೇಣ ಫ್ರೆಂಚ್, ಜರ್ಮನ್, ಇಂಗ್ಲಿಷ್ ಭಾಷೆಗಳಲ್ಲಿ ಅದೇ ಹೆಸರು ತಾಮ್ರ ಸತುಗಳ ಅಗ್ಗದ ಬೆರಕೆಗೆ, ಎಂದರೆ ಚಿನ್ನದಂತೆ ಹೊಳೆಯುವ ಹಿತ್ತಾಳೆಗೆ ಇಳಿಯಿತು. ಸ್ಪ್ಯಾನಿಷಿನಲ್ಲಿ ಮಾತ್ರ ಅದು ಚಿನ್ನವನ್ನು ಬಿಡದೆ ಉಳಿಯಿತು. ಒಂದೇ ಶಬ್ದವು ಹುಟ್ಟಿದೆಡೆಯಲ್ಲಿ ಕೆಂಪು ಬಣ್ಣ, ಆಮೇಲೆ ತಾಮ್ರ, ಒಂದು ಕಡೆ ಹಿತ್ತಾಳೆ, ಇನ್ನೊಂದು ಕಡೆ ಚಿನ್ನದ ಬೆರಕೆ!

೫

ಹಾಗಾದರೆ ಅಮೆರಿಕಾದ ಜನರು ತಮ್ಮ ಲೋಹವನ್ನು ಏನೆಂದು ಕರೆಯುತ್ತಿದ್ದರು? ಕರಿಬಿಯನ್ ದ್ವೀಪಗಳಲ್ಲಿ ಕೇಳಿಬಂದ ಹೆಸರು ‘ಗ್ವಾನಿನ್’. ಕೊಲಂಬಸನು ತನ್ನ ಮೊದಲನೆಯ ಯಾತ್ರೆಯಲ್ಲಿ, ೧೪೯೩ನೆಯ ಜನವರಿ ೧೩ರಂದು, ಈ ಮಾತನ್ನು ಕೇಳಿ ಅದೊಂದು ದ್ವೀಪದ ಹೆಸರೆಂದು ಬರೆದುಕೊಂಡನು. ಅವನ ದಿನಚರಿಯನ್ನು ಸಂಗ್ರಹಿಸಿದ ಲಾಸ್ ಕಾಸಾಸನು ಆ ತಪ್ಪನ್ನು ತಿದ್ದಿದ್ದಾನೆ: ಗ್ವಾನಿನ್ ಎಂಬುದು ದ್ವೀಪವಲ್ಲ, ಅದು ಕಡಿಮೆ ಗುಣದ ಒಂದು ಬಗೆಯ ಚಿನ್ನ, ಅಲ್ಲಿಯ ಜನರಿಗೆ ಅದರ ವಾಸನೆ ಪ್ರಿಯವಾದುದರಿಂದ ಅವರು ಅದನ್ನು ಬಹಳವಾಗಿ ಆದರಿಸುತ್ತಾರೆ. ೧೪೯೮ರ ಮೂರನೆಯ ಯಾತ್ರೆಯ ವೃತ್ತಾಂತದಲ್ಲಿ ಈ ಲೋಹದ ಪರೀಕ್ಷೆಯ ಫಲವೂ ಬಂದಿದೆ. ಸ್ಪೇನಿಗೆ ಕಳುಹಿಸಿದ ಮಾದರಿಯನ್ನು ಪುಟಕ್ಕಿಟ್ಟು ನೋಡಿದಾಗ ೩೨ ಭಾಗಗಳಲ್ಲಿ ೧೮ ಭಾಗ ಚಿನ್ನ, ೬ ಭಾಗ ಬೆಳ್ಳಿ, ೮ ಭಾಗ ತಾಮ್ರವಿದ್ದಿತು. ಫ್ರೆಂಚರು ಸಣ್ಣ ಆಂಟಿಲ್ ದ್ವೀಪಗಳ ಕರೀಬರಲ್ಲಿ ಇಂತಹ ಲೋಹಕ್ಕೂ ಅದರ ಆಭರಣಕ್ಕೂ ‘ಕರಾಕೋಲಿ’ ಎಂಬ ಹೆಸರನ್ನು ಕೇಳಿದರು.

ಈ ಸಾಕ್ಷ್ಯದ ಬಲವನ್ನು ಗಮನಿಸಬೇಕು. ಅಮೆರಿಕಾದ ಲೋಹಕಾರರಿಗೆ ಈ ವಿದ್ಯೆಯು ಭಾರತದಿಂದಲೋ ಮಲಯದಿಂದಲೋ ಬಂದಿದ್ದರೆ, ವಿದ್ಯೆಯ ಜೊತೆಗೆ ಬಂದ ಹೆಸರು ಮೂಲನಿವಾಸಿಗಳ ಬಾಯಲ್ಲಿ ಇರಬೇಕಾಗಿತ್ತು. ಕೊಲಂಬಸನ ಕಿವಿಗೆ ‘ಗ್ವಾನಿನ್’ ಎಂಬುದಕ್ಕೆ ಬದಲಾಗಿ ‘ತಂಬಗ’ವನ್ನು ಹೋಲುವ ಮಾತು ಬೀಳಬೇಕಾಗಿತ್ತು. ಆದುದು ಹಾಗಲ್ಲ. ‘ತುಂಬಾಗ’ವು ಸಿಕ್ಕುವುದು ಸ್ಪೇನಿನವರ ಬಾಯಲ್ಲಿ. ಪೂರ್ವದ್ವೀಪಗಳಲ್ಲಿ ಕಲಿತ ಹೆಸರನ್ನು ಅವರು ಪಶ್ಚಿಮಖಂಡದ ಲೋಹಕ್ಕೆ ಅಂಟಿಸಿದರು.

ಕಾಲವನ್ನು ನೋಡಿದರೂ ಇದೇ ತೀರ್ಮಾನ. ಪೆರು ದೇಶದ ಮೋಚೆ ಜನರು ಕ್ರಿಸ್ತಶಕದ ಮೊದಲನೆಯ ಸಹಸ್ರಮಾನದಲ್ಲಿಯೇ ಚಿನ್ನತಾಮ್ರಗಳನ್ನು ಬೆರಸಿ ಕೆಲಸಮಾಡುತ್ತಿದ್ದರು. ಮೆಕ್ಸಿಕೋದ ಚಿಚೆನ್ ಇಟ್ಸಾದಲ್ಲಿ ಮಾಯಾ ಜನರ ಪವಿತ್ರ ಬಾವಿಯನ್ನು ೧೯೦೪ರಿಂದ ಮೊದಲುಗೊಂಡು ಶೋಧಿಸಿದಾಗ ದಕ್ಷಿಣದ ದೇಶಗಳಲ್ಲಿ ಮಾಡಲ್ಪಟ್ಟ ಇಂತಹ ವಸ್ತುಗಳು ಸಿಕ್ಕಿದವು. ಮನಿಲಾದ ನೌಕೆಗಳಿಗೆ ಬಹು ಹಿಂದೆಯೇ ಅವು ಅಲ್ಲಿಗೆ ಸೇರಿದ್ದವು. ವಿದ್ಯೆಯು ಮೊದಲು, ಹೆಸರು ಸಾವಿರ ವರ್ಷಗಳ ತರುವಾಯ.

ಆ ವಿದ್ಯೆಯ ಗುಣವೂ ಅರಿಯತಕ್ಕದ್ದು. ಶುದ್ಧವಾದ ಚಿನ್ನವು ೧೦೬೪ ಸೆಂಟಿಗ್ರೇಡ್ ಅಂಶಗಳಲ್ಲಿ ಕರಗುತ್ತದೆ, ತಾಮ್ರವು ೧೦೮೫ರಲ್ಲಿ; ಆದರೆ ಐದನೆಯ ಒಂದು ಪಾಲು ತಾಮ್ರವನ್ನು ಸೇರಿಸಿದ ಚಿನ್ನವು ಸುಮಾರು ೯೧೦ರಲ್ಲಿಯೇ ನೀರಾಗುತ್ತದೆ. ಎರಕಕ್ಕೆ ಅನುಕೂಲ, ಬಡಿದಂತೆಲ್ಲ ಗಟ್ಟಿ. ಎರಕದ ವಸ್ತುವನ್ನು ಬೆ೦ಕಿಯಲ್ಲಿ ಕಾಯಿಸಿದರೆ ಮೇಲ್ಮೈಯ ತಾಮ್ರವು ಕರಿಕಾಗುವುದು. ಆ ಕರಿಕನ್ನು ಗಿಡಗಳ ಹುಳಿರಸದಿಂದಲೋ ಉಪ್ಪುಗಳಿಂದಲೋ ತೊಳೆದು, ಪುನಃ ಕಾಯಿಸಿ ಪುನಃ ತೊಳೆದರೆ, ಮೇಲೆ ಚಿನ್ನವೊಂದೇ ಉಳಿಯುವುದು. ಆಮೇಲೆ ಮೆರುಗು ಕೊಡುವರು. ಬೇರೆ ಚಿನ್ನವನ್ನು ಮೇಲೆ ಬಳಿಯುವ ಕೆಲಸವಿದಲ್ಲ. ಲೋಹದ ಒಳಗಿದ್ದ ಚಿನ್ನವನ್ನೇ ಮೇಲಕ್ಕೆ ತೋರಿಸುವ ಕೆಲಸ. ಬೆರ್ಗ್‌ಸೋ ಎಂಬ ಡೇನಿಷ್ ವಿದ್ವಾಂಸನು ೧೯೩೭ರಲ್ಲಿಯೂ, ರಿವೆ ಮತ್ತು ಅರ್ಸಾಂದೋ ಎಂಬ ಫ್ರೆಂಚ್ ವಿದ್ವಾಂಸರು ೧೯೪೬ರಲ್ಲಿಯೂ ಪ್ರಾಚೀನ ಅಮೆರಿಕಾದ ಲೋಹವಿದ್ಯೆಯನ್ನು ಕುರಿತು ಪ್ರಕಟಿಸಿದ ಗ್ರಂಥಗಳು ಇಂತಹ ವಿಷಯಗಳ ಅಧ್ಯಯನಕ್ಕೆ ಆಧಾರವಾದವು.

೬

ಇದಕ್ಕೆ ಹೋಲಿಸಿ ನಮ್ಮ ದೇಶದ ದೃಷ್ಟಿಯನ್ನು ನೋಡಿದರೆ ಭೇದವು ಇನ್ನೂ ಸ್ಫುಟವಾಗುವುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಶಾಲೆಯ ವಿಚಾರವಿದೆ. ಚಿನ್ನಕ್ಕೆ ತಾಮ್ರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹದಿನಾರು ವರ್ಣಗಳ ಮಟ್ಟಗಳನ್ನು ಏರ್ಪಡಿಸುವ ಕ್ರಮವನ್ನು ಅಲ್ಲಿ ಹೇಳಿದೆ. ಆ ಮಟ್ಟಗಳೊಡನೆ ಒರೆಗಲ್ಲಿನ ಮೇಲೆ ಚಿನ್ನವನ್ನು ಹೋಲಿಸಬೇಕು. ಆ ಅಕ್ಷಶಾಲೆಯೆಂಬ ಕಾರ್ಯಸ್ಥಾನದ ಹೆಸರೇ ಕನ್ನಡದಲ್ಲಿ ‘ಅಕ್ಕಸಾಲೆ’ಯಾಗಿ, ಅಲ್ಲಿ ಕೆಲಸಮಾಡುವವನನ್ನು ತಿಳಿಸುತ್ತದೆ; ‘ವರ್ಣ’ವು ‘ಬಣ್ಣ’ವಾಗಿದೆ. ಚಿನ್ನ ತಾಮ್ರಗಳ ಬೆರಕೆಯು ನಮ್ಮವರಿಗೆ ಚೆನ್ನಾಗಿ ಗೊತ್ತಿದ್ದಿತು. ಆದರೆ ಈ ಎಣಿಕೆಯಲ್ಲಿ ಅದು ಬೇರೊಂದು ಲೋಹವಲ್ಲ, ಕುಂದಿದ ಚಿನ್ನ. ಹದಿನಾರು ಬಣ್ಣಕ್ಕೆ ಎಷ್ಟು ಕಡಿಮೆಯೆಂಬುದೇ ಅದರ ಅಳತೆ. ಸ್ಪೇನಿನವರ ದೃಷ್ಟಿಯೂ ಇದೇ. ಅವರು ಅದನ್ನು ‘ಕೀಳು ಚಿನ್ನ’ವೆಂಬರ್ಥದ ಮಾತಿನಿಂದ ಕರೆದು, ಕೈಗೆ ಸಿಕ್ಕಿದ ವಿಗ್ರಹಗಳನ್ನು ಕರಗಿಸಿ ಗಟ್ಟಿಮಾಡಿದರು. ಗ್ವಾನಿನನ್ನು ಬಣ್ಣಕ್ಕಾಗಿಯೂ ವಾಸನೆಗಾಗಿಯೂ ಬಯಸಿದ ಜನರ ಎಣಿಕೆಯೇ ಬೇರೆ. ಅವರಿಗೆ ಅದು ಕುಂದಿದ ವಸ್ತುವಲ್ಲ. ಬೇಕೆಂದೇ ಮಾಡಿದ, ತನ್ನದೇ ಹೆಸರುಳ್ಳ ವಸ್ತು.

ಆ ಹೆಸರು ಮರೆಯಾಗಿ ಅದರ ಮೇಲೆ ನಮ್ಮ ‘ತಾಮ್ರ’ದ ಮರಿಮಗನು ಕುಳಿತಿದ್ದಾನೆ. ಇಂದಿನ ಬಳಕೆಯಲ್ಲಿ ನೂರಕ್ಕೆ ೯೭ ಪಾಲು ಚಿನ್ನವಿರುವುದೂ ತುಂಬಾಗವೇ, ೯೭ ಪಾಲು ತಾಮ್ರವಿರುವುದೂ ತುಂಬಾಗವೇ. ಗ್ರ್ಯಾಂಡ್ ಬಹಾಮಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ ೧೯೯೨ರಲ್ಲಿ ಎತ್ತಿದ ಸುಮಾರು ೨೦೦ ಗಟ್ಟಿಗಳು ಬಹುಮಟ್ಟಿಗೆ ಬೆಳ್ಳಿಯವು. ಅವುಗಳಿಗೂ ಈ ಹೆಸರೇ ಸಂದಿದೆ. ಗ್ವಾನಿನ್, ಕರಾಕೋಲಿ ಎಂಬ ಹೆಸರುಗಳು ಬೇರೆಬೇರೆ ಜನರ ಬೇರೆಬೇರೆ ತಿಳಿವಳಿಕೆಗಳನ್ನು ಸೂಚಿಸುತ್ತಿದ್ದವು; ‘ತುಂಬಾಗ’ವು ಅವೆಲ್ಲವನ್ನೂ ಒಂದೇ ಮೂಸೆಯಲ್ಲಿ ಕರಗಿಸಿಬಿಟ್ಟಿದೆ. ಹೀಗಿರುವಾಗ ಈ ಹೆಸರಿನಿಂದ ಭಾರತವು ಅಮೆರಿಕಾಕ್ಕೆ ಲೋಹವಿದ್ಯೆಯನ್ನು ಕಲಿಸಿತೆಂದು ಸಾಧಿಸುವವರು, ತಮಗೆ ಅರಿವಿಲ್ಲದೆಯೇ, ಆ ಜನರ ಒಡವೆಯನ್ನು ಕರಗಿಸಿದವರ ಕೆಲಸವನ್ನೇ ಮುಂದುವರಿಸುತ್ತಾರೆ. ಸ್ಪೇನಿನವರು ವಸ್ತುವನ್ನು ತೆಗೆದುಕೊಂಡರು, ಇವರು ಕೀರ್ತಿಯನ್ನು.

ಒಟ್ಟಿನಲ್ಲಿ ಸಿದ್ಧವಾದುದು ಇಷ್ಟು. ‘ತುಂಬಾಗ’ ಎಂಬ ಹೆಸರು ‘ತಾಮ್ರ’ದಿಂದ ಬಂದುದು, ಪ್ರಾಕೃತದ ಬಾಯಿಂದ ಮಲಯಕ್ಕೂ, ಮಲಯದಿಂದ ತಗಲೋಗಿಗೂ, ಮನಿಲಾದ ನೌಕೆಗಳ ಕಾಲದಲ್ಲಿ ಸ್ಪ್ಯಾನಿಷಿಗೂ ಸಾಗಿತೆಂಬುದು ಧ್ವನಿ, ಅರ್ಥ, ಮಾರ್ಗ ಮೂರಕ್ಕೂ ಒಪ್ಪುತ್ತದೆ. ಆ ಲೋಹದ ವಿದ್ಯೆಯು ಅಮೆರಿಕಾದ ಜನರದೇ. ಹೆಸರಿನ ಪಯಣವೇ ಬೇರೆ, ವಿದ್ಯೆಯ ಪಯಣವೇ ಬೇರೆ. ನಮ್ಮ ವರ್ತಕರ ಒಂದು ಮಾತು ಭೂಮಂಡಲದ ಅರ್ಧವನ್ನು ಸುತ್ತಿ ಹೋಗಿ ನಿಂತಿದೆಯೆಂಬುದು ಸಂತೋಷಪಡತಕ್ಕ ವಿಷಯವೇ ಸರಿ. ಆ ಸಂತೋಷಕ್ಕೆ ಸುಳ್ಳಿನ ಬೆರಕೆ ಬೇಕಾಗಿಲ್ಲ. ವ್ಯುತ್ಪತ್ತಿಯನ್ನು ಪಾಠ ಹೇಳುವ ಉಪಾಧ್ಯಾಯರು ಈ ಶಬ್ದವನ್ನು ಉದಾಹರಣೆಯಾಗಿ ತೆಗೆದುಕೊಂಡಾಗ ಇದರ ಎರಡು ಮುಖಗಳನ್ನೂ ವಿದ್ಯಾರ್ಥಿಗಳಿಗೆ ತೋರಿಸುವರೆಂದು ನಂಬಿದ್ದೇನೆ.